ಹೊನ್ನಿನ ಕಣವೂ ಕಿರದಳ್ಳಿಯ ನೀರೂ

ಚಿನ್ನವು ಹಳದಿಯೆಂಬುದು ಲೋಕರೂಢಿ. ಅದನ್ನೇ ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲಿನಷ್ಟು ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ಹರಡಿದರೆ ದ್ರವವು ಕೆಂಪಾಗಿ ತೋರುತ್ತದೆ. ಇಂಥ ದ್ರವವನ್ನು 1857ರಲ್ಲಿ ಫ್ಯಾರಡೆ ವರ್ಣಿಸಿದನು. ಅದರ ಬಣ್ಣಕ್ಕೆ 1908ರಲ್ಲಿ ಜರ್ಮನ್ ವಿಜ್ಞಾನಿ ಮೀ ಗಣಿತದ ವಿವರಣೆಯನ್ನು ಒದಗಿಸಿದನು. ಬೆಳಕು ತಾಕಿದಾಗ ಕಣದೊಳಗಣ ಇಲೆಕ್ಟ್ರಾನುಗಳು ಒಂದೇ ಲಯದಲ್ಲಿ ತೂಗಾಡುತ್ತವೆ. ಈ ತೂಗಾಟವೇ ಪ್ಲಾಸ್ಮಾನ್. ಕಣದ ಮೈಗೆ ಬೇರೊಂದು ಪದಾರ್ಥ ಅಂಟಿದರೆ ಬಣ್ಣವು ಕೊಂಚ ಸರಿಯುತ್ತದೆ. ಕಣಗಳು ಗುಂಪುಗೂಡಿದರೆ ಕೆಂಪು ನೀಲಿಗೆ ತಿರುಗುತ್ತದೆ. 1983ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಲೋಹದ ತೆಳುಪದರಕ್ಕೆ ಪ್ರೋಟೀನು ಅಂಟುವುದನ್ನು ಇದೇ ಬಗೆಯ ತತ್ತ್ವದಿಂದ ಗುರುತಿಸಿದರು. ಅಂದಿನಿಂದ ಪ್ಲಾಸ್ಮಾನಿಕ ಸಂವೇದಕಗಳನ್ನು ಕುರಿತ ಪ್ರಬಂಧಗಳು ಅಪಾರವಾಗಿ ಬೆಳೆದಿವೆ.

ಈ ಪ್ರಬಂಧಗಳಲ್ಲಿ ಎರಡು ಮಾತುಗಳು ಪದೇ ಪದೇ ಬರುತ್ತವೆ. ಹೊಸ ಸಾಧನವು ಹಿಂದಿನದಕ್ಕಿಂತ ಅಲ್ಪ ಪ್ರಮಾಣವನ್ನೂ ಗುರುತಿಸುತ್ತದೆ ಎಂಬುದೊಂದು. ಕೈಯಲ್ಲಿ ಒಯ್ಯಬಹುದಾದ್ದರಿಂದ ಪ್ರಯೋಗಶಾಲೆಯಿಲ್ಲದ ಹಳ್ಳಿಗೆ ಒದಗುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಂಕಿಗಳ ಆಧಾರವಿರುತ್ತದೆ. ಎರಡನೆಯದಕ್ಕೆ ಬಹುಮಟ್ಟಿಗೆ ಆಶಯವೇ ಆಧಾರ. ಈ ಎರಡನೆಯ ಮಾತನ್ನು ನಮ್ಮ ಸೀಮೆಯ ಒಂದು ಊರಿನ ಮುಂದಿಟ್ಟು ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಲ್ಲಿ ಮಂಗಳೂರು ಎಂಬ ಊರಿದೆ. ಅದು ಕರಾವಳಿಯ ಮಂಗಳೂರಲ್ಲ. ಆ ಭಾಗದ ಶಿಲಾಪಟ್ಟಿಯಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಅಲ್ಲಿನ ಕಿರದಳ್ಳಿ ತಾಂಡಾವನ್ನು ಕುರಿತು ದೀಪಂಕರ ಚಕ್ರವರ್ತಿ ಮೊದಲಾದವರು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಮನ ಕಲಕುವಂಥದು. ಪರೀಕ್ಷಿಸಿದ 59 ಕೊಳವೆ ಬಾವಿಗಳ ನೀರಿನಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್, ಎಂದರೆ ಪಾಷಾಣ, ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು; ಒಂದು ಕಡೆ ಅದು 303ಕ್ಕೆ ಮುಟ್ಟಿತ್ತು. ತಪಾಸಣೆಗೊಳಗಾದ 181 ಜನರಲ್ಲಿ ನೂರಕ್ಕೆ 58.6 ಮಂದಿಯ ಚರ್ಮದಲ್ಲಿ ಪಾಷಾಣದ ಗುರುತುಗಳಿದ್ದವು.

ಆರ್ಸೆನಿಕ್ಕನ್ನು ಹಿಡಿಯುವ ಅಣುಗಳನ್ನು ತೊಡಿಸಿದ ಚಿನ್ನದ ಕಣಗಳು ಅದರ ಸಾನ್ನಿಧ್ಯದಲ್ಲಿ ಗುಂಪುಗೂಡಿ ನೀಲಿಯಾಗುತ್ತವೆಂದು ಸಂಶೋಧಕರು ತೋರಿಸಿದ್ದಾರೆ. ಚಿನ್ನ ತೆಗೆದ ನೆಲದ ವಿಷವನ್ನು ಚಿನ್ನವೇ ಹೇಳಬಲ್ಲುದೆಂದಾಯಿತು. ಆದರೆ ಮಿತಿಯ ಮೂವತ್ತು ಪಟ್ಟು ವಿಷವಿದ್ದ ಬಾವಿಯನ್ನು ಕಂಡುಹಿಡಿಯಲು ಅತಿಸೂಕ್ಷ್ಮತೆ ಬೇಕಿರಲಿಲ್ಲ. ಅಲ್ಲಿ ಕೊರತೆಯಾದುದು ಸೂಕ್ಷ್ಮತೆಯಲ್ಲ, ಸಕಾಲದಲ್ಲಿ ಮಾಡಿದ ಪರೀಕ್ಷೆ. ಇದಲ್ಲದೆ, ಕ್ಯಾಲ್ಸಿಯಂ ಮೊದಲಾದ ಲವಣಗಳೂ ಚಿನ್ನದ ಕಣಗಳನ್ನು ಗುಂಪುಗೂಡಿಸಬಲ್ಲವು. ಶುದ್ಧೋದಕದಲ್ಲಿ ನಿಜ ನುಡಿದ ಬಣ್ಣವು ಕೊಳವೆ ಬಾವಿಯ ನೀರಿನಲ್ಲಿ ಸುಳ್ಳಾಡಬಹುದು. ಪಾದರಸದ ಬ್ರೋಮೈಡು ಸವರಿದ ಕಾಗದದ ಮೇಲೆ ಕಲೆ ಮೂಡಿಸುವ ಹಳೆಯ ಗುಟ್ಸೈಟ್ ಪರೀಕ್ಷೆಯೊಡನೆ ಹೋಲಿಸದೆ ಹೊಸದನ್ನು ಮೇಲೆನ್ನುವುದೂ ನ್ಯಾಯವಲ್ಲ.

ಹಾಗೆಂದು ಈ ವಿದ್ಯೆ ನಿಷ್ಫಲವೆಂದು ನಾವು ಹೇಳುವುದಿಲ್ಲ. ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಮಲೇರಿಯಾ ಪಟ್ಟಿಯನ್ನು ನೋಡಬಹುದು. ಅದರ ಮೇಲೆ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ಕಣಗಳದೇ. ಅದನ್ನು ಓದಲು ಕಣ್ಣೇ ಸಾಕು. ಪಟ್ಟಿಯು ಹೌದು, ಅಲ್ಲ ಎಂಬಷ್ಟನ್ನೇ ಹೇಳುತ್ತದೆ. ಹೌದೆಂದರೆ ಕೊಡಬೇಕಾದ ಔಷಧವು ಗೊತ್ತಿದೆ. ಅದರ ಯಶಸ್ಸು ಸೂಕ್ಷ್ಮತೆಗಿಂತ ಈ ಹೊಂದಿಕೆಯಲ್ಲಿದೆ. ಪಾಷಾಣದ ವಿಷಯದಲ್ಲಿ ಔಷಧದ ಸ್ಥಾನ ಬೇರೆ ನೀರಿನದು. ಅದು ದೊರೆಯದಿದ್ದಲ್ಲಿ ನೀಲಿ ಬಣ್ಣವು ತಾಯಂದಿರಿಗೆ ಭಯವನ್ನಲ್ಲದೆ ಮತ್ತೇನನ್ನೂ ಕೊಡದು.

ಆದುದರಿಂದ ಹಳ್ಳಿಗಾಗಿ ಎಂದು ಹೇಳಿಕೊಳ್ಳುವ ಪ್ರಬಂಧವನ್ನು ಓದುವಾಗ ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಆ ಊರಿನ ನೀರನ್ನೋ ರಕ್ತವನ್ನೋ ಪರೀಕ್ಷಿಸಲಾಯಿತೆ? ಯಾದಗಿರಿ, ಶಹಾಪುರಗಳ ನಲವತ್ತು ಡಿಗ್ರಿ ಮೀರುವ ಬೇಸಿಗೆಯನ್ನು ಸಾಧನವು ತಾಳಿತೆ? ನಿರ್ಣಾಯಕವಾದ ಮಿತಿಯ ಆಸುಪಾಸಿನಲ್ಲಿ ಅದರ ತಪ್ಪು ಎಷ್ಟು? ಫಲಿತಾಂಶ ಬಂದ ಮೇಲೆ ಯಾರು ಏನು ಮಾಡಬೇಕು? ಇವಕ್ಕೆ ಉತ್ತರವಿಲ್ಲದ ಪ್ರಬಂಧವು ಒಳ್ಳೆಯ ಭೌತಶಾಸ್ತ್ರವಾಗಿರಬಹುದು. ಅದನ್ನು ರೋಗನಿದಾನವೆಂದು ನಾವು ಒಪ್ಪಲಾರೆವು.