ಅರಿಶಿನ ಹಚ್ಚಿದ ಮೇಲಿನ ಮಾತು

ಕಲಬುರಗಿಯ ಓಣಿಗಳಲ್ಲಾಗಲಿ, ಕಮಲಾಪುರದ ಹಿತ್ತಲುಗಳಲ್ಲಾಗಲಿ, ಹೊಸದಾಗಿ ತತ್ತಿ ಇಡುವ ಕೋಳಿಯ ಹಿಂಬದಿ ಹರಿದು ರಕ್ತ ಕಂಡರೆ ಕೈ ಮೊದಲು ಹೋಗುವುದು ಅರಿಶಿನದ ಡಬ್ಬಿಗೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ತೊಳೆದ ಸಣ್ಣ ಗಾಯಕ್ಕೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಸಾಕಾಗಬಹುದು. ಆದರೆ ಮದ್ದು ಹಚ್ಚಿದವರೇ ಆ ಕೋಳಿಯನ್ನು ಆಗಲೇ ಗುಂಪಿಗೆ ಬಿಡುತ್ತಾರಲ್ಲ, ಅಲ್ಲಿ ಮಾಡಿದ್ದೆಲ್ಲ ನೀರಲ್ಲಿ ಹೋಮ. ಕೋಳಿಗೆ ಕೆಂಪು ಕಂಡಲ್ಲಿ ಕುಕ್ಕುವ ಚಾಳಿ. ಒಂದು ಕುಕ್ಕಿತೆಂದರೆ ಉಳಿದವೂ ಮುಗಿಬಿದ್ದು ಕರುಳನ್ನೇ ಎಳೆದುಹಾಕುತ್ತವೆ. ಗಾಯ ಪೂರ್ತಿ ಮಾಯುವವರೆಗೆ ಬೇರೆ ಬುಟ್ಟಿ, ಮಬ್ಬು ಬೆಳಕು ಬೇಕೇ ಬೇಕು.

ಕೋಳಿಯನ್ನು ಮುಟ್ಟಿ ನೋಡುವುದರಲ್ಲಿ ನಮ್ಮ ಹೆಣ್ಣುಮಕ್ಕಳ ಕೈ ನುರಿತದ್ದು. ಹಿಂಬದಿಯ ಎರಡು ಎಲುಬಿನ ತುದಿಗಳ ನಡುವೆ ಬೆರಳಿಡುತ್ತಾರೆ. ಒಂದೇ ಬೆರಳು ಹಿಡಿದರೆ ಇನ್ನೂ ದಿನವಿದೆ, ಎರಡು ಮೂರು ಸಲೀಸಾಗಿ ಕೂತರೆ ತತ್ತಿಯ ಕಾಲ ಬಂದಿದೆ. ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಾಡಿಸಿದರೆ ಸಿಕ್ಕಿಕೊಂಡ ತತ್ತಿಯೂ ತಿಳಿಯುತ್ತದೆ. ಅದನ್ನು ಹಿಸುಕಿ ತೆಗೆಯಹೋದರೆ ಮಾತ್ರ ಅನಾಹುತ. ಒಳಗೇ ಒಡೆದ ಚಿಪ್ಪು ತತ್ತಿನಾಳವನ್ನು ಕೊಯ್ಯುತ್ತದೆ. ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ ತಿಣುಕುವ ಕೋಳಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ 15-20 ನಿಮಿಷ ಕೂರಿಸಿ, ಹಿಂಬದಿಗೆ ಎಣ್ಣೆ ಸವರಿ, ಗದ್ದಲವಿಲ್ಲದ ಕಡೆ ಬಿಡಬೇಕು. ಮೇ ತಿಂಗಳ 42 ಡಿಗ್ರಿಯಲ್ಲಿ ಬರೀ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ಬಿಸಿಲಿನ ಬಾಧೆ. ಅದಕ್ಕೆ ನೆರಳು, ತಣ್ಣೀರು.

ತತ್ತಿ ಬೀಳುವ ಗಳಿಗೆಯಲ್ಲಿ ಒಳಮೈ ಕೆಂಪಗೆ ಹೊರಬಂದು ಹಿಂದೆ ಸರಿಯುವುದು ಸಹಜ. ಹೊರಗೇ ಉಳಿದರೆ ತಿಳಿ ಉಪ್ಪುನೀರಲ್ಲಿ ತೊಳೆದು ಸಕ್ಕರೆ ಉದುರಿಸಬೇಕು. ಅದು ನೀರು ಹೀರಿ ಬಾವು ಇಳಿಸಿದ ಮೇಲೆ ಎಣ್ಣೆಬೆರಳಿನಿಂದ ಒಳಗೆ ಸರಿಸಬಹುದು. ಕಪ್ಪಾಗಿದ್ದರೆ, ಮತ್ತೆ ಮತ್ತೆ ಬಂದರೆ ಪಶು ಆಸ್ಪತ್ರೆಯೇ ದಾರಿ.

ಮನೆಮದ್ದು ಕೈಸೋಲುವುದು ಕಾರಣದ ಮುಂದೆ. ಜವಾರಿ ಕೋಳಿ ವರ್ಷಕ್ಕೆ 50-60 ಸಣ್ಣ ತತ್ತಿ ಇಡುತ್ತಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಸ್ವರ್ಣಧಾರಾ ಇಡುವುದು ಸುಮಾರು 180, ಅವೂ ದೊಡ್ಡವು. ಮೇವು ಮಾತ್ರ ಅದೇ ಜೋಳದ ನುಚ್ಚು. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಮುಟ್ಟುವುದೇ ಕಷ್ಟ, ಒಂದು ಚಿಪ್ಪಿಗೆ ಬೇಕಾದದ್ದು ಸುಮಾರು 2 ಗ್ರಾಂ. ಅಂಗಳಕ್ಕೆಲ್ಲ ಶಹಾಬಾದಿನ ಸುಣ್ಣಕಲ್ಲು ಹಾಸಿದ ಜಿಲ್ಲೆಯಲ್ಲಿ ಕೋಳಿಗೆ ಕ್ಯಾಲ್ಸಿಯಂ ಇಲ್ಲ ಎಂಬುದು ನನಗೆ ಸಂಕಟದ ಸಂಗತಿ. ಕ್ಯಾಲ್ಸಿಯಂ ಕಡಿಮೆಯಾದರೆ ತತ್ತಿ ಮೆತ್ತಗಾಗುತ್ತದೆ, ಅದನ್ನು ನೂಕುವ ಸ್ನಾಯುವೂ ಸೋಲುತ್ತದೆ. ಇದರ ಜೊತೆಗೆ ಬೆಕ್ಕಿನ ಭಯಕ್ಕೆ ಗೂಡಿನಲ್ಲಿ ರಾತ್ರಿಯಿಡೀ ಬಲ್ಬು. ಹೆಚ್ಚಿನ ಬೆಳಕಿಗೆ ಎಳೆ ಕೋಳಿ ಮೈ ಬಲಿಯುವ ಮೊದಲೇ ತತ್ತಿಗೆ ಕೂರುತ್ತದೆ, ಹರಿಯುತ್ತದೆ. ಬೆಕ್ಕಿಗೆ ಗಟ್ಟಿ ಜಾಲರಿ ಸಾಕು.

ಹುರಿದು ಪುಡಿಮಾಡಿದ ತತ್ತಿಚಿಪ್ಪನ್ನೋ ಕಪ್ಪೆಚಿಪ್ಪನ್ನೋ ನುಚ್ಚಿಗೆ ಬೆರೆಸದೆ ಬೇರೆ ಬಟ್ಟಲಲ್ಲಿಡಬೇಕು. ತತ್ತಿ ಇಡುವವು ತಮಗೆ ಬೇಕಾದಷ್ಟು ತಿನ್ನುತ್ತವೆ. ಇನ್ನೂ ಇಡದ ಮರಿಗಳಿಗೆ ಅದು ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ.