ಬ್ಯಾಂಡ್ ಹೋಯಿತು, ಶರೀಫಜ್ಜ ಬಂದ

ಬ್ಯಾಂಡ್ ಬಿಟ್ಟ ಗಾಯಕನ ಮೊದಲ ಆಲ್ಬಂ ಸಿಕ್ಕರೆ ನಾನು ಮೊದಲು ಹುಡುಕುವುದು, ಹೊರಡುವಾಗ ಆತ ಯಾರನ್ನು ಜೊತೆಗೆ ಕರೆದುಕೊಂಡ ಎಂಬುದನ್ನು. ಒಬ್ಬನೇ ಹೊರಟೆ ಎಂದು ಹೇಳಿಕೊಂಡವರು ಯಾರೂ ಒಬ್ಬರೇ ಹೊರಟದ್ದಿಲ್ಲ. ಬೀಟಲ್ಸ್ ಒಡೆದ 1970ರಲ್ಲೇ ಜಾರ್ಜ್ ಹ್ಯಾರಿಸನ್ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಎಂಬ ಮೂರು ಎಲ್‌ಪಿಗಳ ಕಟ್ಟು ಹೊರತಂದ. ಲೆನನ್-ಮೆಕಾರ್ಟ್ನಿ ಜೋಡಿಯ ಎದುರು ಜಾಗ ಸಿಗದೆ ಉಳಿದುಹೋಗಿದ್ದ ಹಾಡುಗಳು ಅದರಲ್ಲಿದ್ದವು. ಆದರೆ ಸ್ಟುಡಿಯೋದಲ್ಲಿ ರಿಂಗೋ ಸ್ಟಾರ್, ಎರಿಕ್ ಕ್ಲಾಪ್ಟನ್ ಸೇರಿ ಜನವೋ ಜನ.

ನಮ್ಮಲ್ಲಿ ಇದಕ್ಕೆ ಹತ್ತಿರದ ಕತೆ ಮೈಸೂರಿನ ರಘು ದೀಕ್ಷಿತ್ ಅವರದು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ, ಭರತನಾಟ್ಯದಲ್ಲಿ ವಿದ್ವತ್, ಗಿಟಾರ್ ಕಲಿತದ್ದು ಕಾಲೇಜಿನಲ್ಲಿ ಯಾರೋ ಕೆಣಕಿದರೆಂಬ ಹಟಕ್ಕೆ. ಪಿಟೀಲಿನ ಎಚ್.ಎನ್. ಭಾಸ್ಕರ್ ಜೊತೆ ಕಟ್ಟಿದ ‘ಅಂತರಾಗ್ನಿ’ ಬ್ಯಾಂಡ್ 2005ರಲ್ಲಿ ನಿಂತುಹೋಯಿತು. ಅದೇ ವರ್ಷ ಸಿ. ಅಶ್ವತ್ಥರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮಕ್ಕೆ ಬೆಂಗಳೂರಿನ ಅರಮನೆ ಮೈದಾನ ಕಿಕ್ಕಿರಿದಿತ್ತು. ಕನ್ನಡದ ಕಿವಿ ದೊಡ್ಡದೇ ಇತ್ತು, ಆದರೆ ಅದು ಸುಗಮ ಸಂಗೀತಕ್ಕೆ ತೆರೆದ ಕಿವಿ. ಗಿಟಾರಿನ ಕನ್ನಡಕ್ಕೆ ದುಡ್ಡು ಹಾಕುವವರಿರಲಿಲ್ಲ. ಕೊನೆಗೆ ಕೈಹಿಡಿದವರು ಮುಂಬಯಿಯ ವಿಶಾಲ್-ಶೇಖರ್. 2008ರಲ್ಲಿ ಎಂಟು ಹಾಡುಗಳ ಆಲ್ಬಂ ಬಂತು. ತಮಾಷೆಯೆಂದರೆ, ‘ಅಂತರಾಗ್ನಿ: ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲೂ ಅದು ಓಡಾಡಿತು. ಬಿಟ್ಟ ಮನೆಯ ಬೋರ್ಡು ಹೊಸ ಮನೆಯ ಬಾಗಿಲಿಗೂ!

ಈ ವಾರ ಆ ಎಂಟನ್ನೂ ಕೇಳಿದ್ದು ಕಾಶಿಯ ಹನುಮಾನ್ ಘಾಟಿನಲ್ಲಿ. ದಕ್ಷಿಣದವರ ಕೇರಿ ಇದು. ಮುಂದೆ ತಮಿಳಿನ ಕವಿಯಾದ ಸುಬ್ರಹ್ಮಣ್ಯ ಭಾರತಿ ಹುಡುಗನಾಗಿದ್ದಾಗ ಬಂದು ಉಳಿದದ್ದೂ ಇಲ್ಲೇ. ಗಲ್ಲಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಉತ್ತರಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಕರ್ನಾಟಕ ಘಾಟ್, ಅದನ್ನು ದಾಟಿದರೆ ಹರಿಶ್ಚಂದ್ರ ಘಾಟ್, ಅಲ್ಲಿ ಚಿತೆ. ಹಾಡು ಕೇಳಲು ಇದೆಂಥ ಜಾಗ ಅನ್ನಬಹುದು. ಈ ಆಲ್ಬಮ್ಮಿಗೆ ಮಾತ್ರ ಇದಕ್ಕಿಂತ ಕಠಿಣ ಪರೀಕ್ಷಕ ಸಿಗಲಾರ.

‘ಹೇ ಭಗವಾನ್’ ಇಲ್ಲಿ ಪೇಚಿಗೆ ಸಿಕ್ಕಿಕೊಳ್ಳುತ್ತದೆ. ದೇವರೇ, ಇನ್ನೊಂದು ಬದುಕು ಕೊಡು ಎಂಬ ಬೇಡಿಕೆಯ ಹಾಡದು. ಇಲ್ಲಿಗೆ ಬರುವವರೆಲ್ಲ ಇನ್ನು ಹುಟ್ಟು ಬೇಡವಪ್ಪಾ ಎಂದು ಬಂದವರು! ಆದರೂ ರಾಗ ಹತ್ತಿಕೊಂಡ ಮೇಲೆ ಕಾಲು ತಾಳ ಹಾಕದೆ ಬಿಡುವುದಿಲ್ಲ. ‘ಮೈಸೂರ್ ಸೇ ಆಯಿ’ ಲವಲವಿಕೆಯದು, ಎರಡನೇ ಸಲಕ್ಕೆ ಸಾಕೆನಿಸುತ್ತದೆ. ಇಂಗ್ಲಿಷಿನ ಎರಡರ ಬಗ್ಗೆ ಹೆಚ್ಚು ಹೇಳಲಾರೆ. ಆ ಬಗೆಯ ಹಾಡನ್ನು ಹಾಡಬಲ್ಲವರು ಬೇರೆಯವರೂ ಇದ್ದಾರೆ.

ಆಲ್ಬಂ ನಿಂತಿರುವುದು ಶಿಶುನಾಳ ಶರೀಫರ ಎರಡು ಪದಗಳ ಮೇಲೆ. ‘ಗುಡುಗುಡಿಯ ಸೇದಿ ನೋಡೊ’ ಶುರುವಾದಾಗ ನನಗೆ ನಗು ಬಂತು. ಈ ಘಾಟಿನ ಮೇಲೇ ನಾಗಾ ಸಾಧುಗಳ ಜೂನಾ ಅಖಾಡವಿದೆ, ಚಿಲಂ ಹೊಗೆಗೆ ಇಲ್ಲಿ ಬರವಿಲ್ಲ. ಶರೀಫಜ್ಜನ ಗುಡುಗುಡಿಯಲ್ಲಿ ಉರಿಯುವುದು ಹೊಗೆಸೊಪ್ಪಲ್ಲ, ಒಳಗಿನ ಕಸ. ರಘು ಅದನ್ನು ಕುಣಿಸಿಬಿಟ್ಟಿದ್ದಾರೆ. ಕುಣಿತದಲ್ಲಿ ಅರ್ಥ ಹಾರಿಹೋಯಿತೆಂದು ಆಗ ಕೆಲವರು ಮುಖ ಸಿಂಡರಿಸಿದ್ದರು. ನಾನು ಒಪ್ಪುವುದಿಲ್ಲ. ಜಾತ್ರೆ, ಭಜನೆಗಳಲ್ಲಿ ತಾಳ ಕುಟ್ಟಿಕೊಂಡು ಬಾಯಿಂದ ಬಾಯಿಗೆ ಬಂದ ಪದಗಳಿವು. ಗಂಭೀರವಾಗಿ ಕೂತು ಕೇಳುವ ಶಿಸ್ತು ಅವಕ್ಕೆ ಆಮೇಲೆ ಅಂಟಿದ್ದು.

‘ಸೋರುತಿಹುದು ಮನಿಯ ಮಾಳಿಗಿ’ಯ ಲೆಕ್ಕ ಬೇರೆ. ಅದಕ್ಕೆ ಅಶ್ವತ್ಥರ ಮುದ್ರೆ ಬಿದ್ದಾಗಿದೆ. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ನೋಡಿದ ತಲೆಮಾರಿಗೆ ಆ ಕಂಠ ಬಿಟ್ಟು ಬೇರೆಯದರಲ್ಲಿ ಈ ಪದ ಹಿಡಿಸುವುದು ಕಷ್ಟ. ಅಶ್ವತ್ಥರದು ಸೋರುವ ಮನೆಯೊಳಗೆ ನಿಂತು ಮಾಳಿಗೆ ನೋಡುವವನ ದನಿ. ರಘು ಅವರದು ಬೀದಿಗೆ ಬಂದು ಊರಿಗೆಲ್ಲ ಕೂಗಿ ಹೇಳುವವನದು. ಸೋರುತ್ತಿರುವ ಮನೆ ಈ ಮೈಯೇ ಎಂಬುದು ಕನ್ನಡಿಗರಿಗೆ ವಿವರಿಸಬೇಕಾದ ಮಾತಲ್ಲ. ಹರಿಶ್ಚಂದ್ರ ಘಾಟಿನಲ್ಲಿ ಕಟ್ಟಿಗೆ ಒಟ್ಟುವುದನ್ನು ನೋಡುತ್ತ ಕೇಳುವಾಗ ಇನ್ನೂ ಬೇಡ. ಅಲ್ಲಿ ನನಗೆ ಅಶ್ವತ್ಥರೇ ಬೇಕೆನಿಸಿತು, ನಿಜ. ಆದರೂ ರಘು ಅವರ ಗಂಟಲು ಒಡೆಯುವಷ್ಟು ಮೇಲೇರಿದಾಗ ರಾಕ್ ಗಾಯಕನೊಬ್ಬ ಈ ಪದಕ್ಕೆ ಕೊಡಬಲ್ಲದ್ದೇನೆಂದು ತಿಳಿಯಿತು: ಹೆದರಿಕೆ. ಸುಗಮ ಸಂಗೀತದ ಮರುಕದೊಳಗೆ ಅದು ಅಡಗಿ ಕೂತಿತ್ತು.

ಬ್ಯಾಂಡ್ ಬಿಟ್ಟವನು ತನ್ನದೇ ದನಿ ಹುಡುಕಿಕೊಂಡ ಎಂದು ಹೊಗಳುವುದು ರೂಢಿ. ರಘು ಅವರ ದನಿ ತೆರೆದುಕೊಂಡದ್ದು 1889ರಲ್ಲಿ ತೀರಿಕೊಂಡ, ಶಿಗ್ಗಾಂವಿ ಸೀಮೆಯ ಅಜ್ಜನೊಬ್ಬನ ಮಾತು ಹಾಡುವಾಗ. ತಾವೇ ಬರೆಸಿಕೊಂಡ ಹಿಂದಿ ಹಾಡುಗಳಲ್ಲಿ ಅವರು ಒಳ್ಳೆಯ ಗಾಯಕ, ಅಷ್ಟೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮ, ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ, ಲುಂಗಿ, ಗೆಜ್ಜೆ, ಇಂಗ್ಲೆಂಡಿನ ಕೆಸರು ಮೈದಾನಗಳು ಎಲ್ಲ ಬಂದವು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ಯೊಂದಿಗೆ ಅಜ್ಜನೂ ಮತ್ತೆ ಬಂದ. ಅದರ ಧ್ವನಿಮುದ್ರಣ ಹೆಚ್ಚು ನಯ, ವಾದ್ಯಗಳ ಹದ ಹೆಚ್ಚು ಚೊಕ್ಕ. ಕೊಳ್ಳುವುದಾದರೆ ಎರಡನ್ನೂ ಕೊಳ್ಳಿ. ಒಂದೇ ಸಾಕೆನ್ನುವವರಿಗೆ ನನ್ನ ಓಟು 2008ರದಕ್ಕೆ.