ಆಫೀಸಿನ ಲ್ಯಾಪ್‌ಟಾಪ್, ಹಾಸ್ಟೆಲ್ಲಿನ ಆಟ

ನವನಗರದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಲ್ಯಾಪ್‌ಟಾಪ್ ಬೇಕಾಗುವುದು ತೀರ್ಪುಗಳ ಪಿಡಿಎಫ್ ಓದಲು, ಮೂಟ್ ಕೋರ್ಟಿಗೆ ಬರೆಯಲು. ರಾತ್ರಿಯಾದರೆ ಅದರಲ್ಲೇ ಕೌಂಟರ್ ಸ್ಟ್ರೈಕೂ ಓಡಬೇಕು. ಹೊಸದಕ್ಕೆ ದುಡ್ಡು ಸಾಲದಿದ್ದರೆ ಹುಬ್ಬಳ್ಳಿಯ ಅಂಗಡಿಯಲ್ಲಾಗಲಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಕಣ್ಣಿಗೆ ಬೀಳುವುದು ರಿಫರ್ಬಿಶ್ಡ್ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಒಟ್ಟಿಗೆ ಹೊರಹಾಕಿದ ಮಾಲು. ‘ಆಫೀಸ್ ಪೀಸ್ ರೀ, ಗೇಮೂ ಆಡಬಹುದ್ರಿ’ ಎನ್ನುವುದು ಮಾರುವವರ ಮಾತು. ಅದರಲ್ಲಿ ಮೊದಲರ್ಧ ನಿಜ.

2018ರ ಥಿಂಕ್‌ಪ್ಯಾಡ್ ಟಿ480 ನೋಡಿ. ದಿನವಿಡೀ ಟೈಪ್ ಮಾಡಿದರೂ ಬೆರಳು ದಣಿಸದ ಕೀಬೋರ್ಡ್. ಬ್ಯಾಟರಿ ಎರಡು: ಒಂದು ಒಳಗೆ, ಇನ್ನೊಂದು ಹಿಂದೆ. ಒಳಗಿನದು ಚಾರ್ಜ್ ಹಿಡಿದಿದ್ದರೆ ಹಿಂದಿನದನ್ನು ಯಂತ್ರ ಆರಿಸದೆಯೇ ಬದಲಿಸಬಹುದು. ಹೆಸ್ಕಾಂ ಕರೆಂಟ್ ತೆಗೆದ ಹೊತ್ತಿಗೆ ಇದರ ಬೆಲೆ ತಿಳಿಯುತ್ತದೆ. ಈ ಗಟ್ಟಿತನ ಅದೇ ದುಡ್ಡಿನ ಹೊಸ ಲ್ಯಾಪ್‌ಟಾಪಿನಲ್ಲಿ ಸಿಗುವುದು ಕಷ್ಟ.

ಆಟದ ವಿಷಯಕ್ಕೆ ಬಂದರೆ ಹುಷಾರಾಗಿರಬೇಕು. ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಟೆಲ್ ಯುಎಚ್‌ಡಿ 620 ಗ್ರಾಫಿಕ್ಸ್. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ ಹರಿದಾಟ. ಅದೇ ಜಾತಿಯ ಎರಡನೆಯ ಕಡ್ಡಿ ಹಾಕಿದರೆ 38.4. ಹೀಗಿದ್ದೂ ಕೊಳ್ಳುವವರು ಕೇಳುವುದು ‘ಐ7 ಐತೇನ್ರಿ?’ ಎಂದು! ಟಿ480ರ ಎಂಟನೆಯ ಪೀಳಿಗೆಯ ಐ5, ಐ7 ಎರಡರಲ್ಲೂ ನಾಲ್ಕೇ ಕೋರ್, ಅದೇ 15 ವ್ಯಾಟ್, ಅದೇ ಗ್ರಾಫಿಕ್ಸ್. ಐ7ಗೆ ಕೊಡುವ ಹೆಚ್ಚಿನ ದುಡ್ಡು ದಂಡ. ಅದು ಎರಡನೆಯ ಕಡ್ಡಿಗೆ ಹೋಗಬೇಕು. ಆಗ ಸ್ಯಾನ್ ಆಂಡ್ರಿಯಾಸ್ ಸಲೀಸು, ವ್ಯಾಲರಂಟ್ ಕಡಿಮೆ ಸೆಟ್ಟಿಂಗಿನಲ್ಲಿ ಪರವಾಗಿಲ್ಲ. ಸೈಬರ್‌ಪಂಕ್ 2077 ಎಂದವರು ಬೇರೆ ಅಂಗಡಿ ಹುಡುಕಲಿ.

ಪರದೆಯಲ್ಲೂ ಮೋಸ ಹೋಗುವವರಿದ್ದಾರೆ. ಹಲವು ಪೀಸುಗಳಲ್ಲಿ 1366×768ರ ಮಂಕು ಪರದೆ ಇರುತ್ತದೆ. ಓರೆಯಾಗಿ ನೋಡಿದರೆ ಬಣ್ಣವೇ ಬದಲು. ಫುಲ್ ಎಚ್‌ಡಿ ಐಪಿಎಸ್ ಎಂದು ಕೇಳಿಯೇ ಪಡೆಯಬೇಕು.

ಟಿ470 ನೋಡಲು ಹೆಚ್ಚುಕಡಿಮೆ ಟಿ480ರಂತೆಯೇ, ಬೆಲೆ ಕಡಿಮೆ. ಆದರೆ ಅದರಲ್ಲಿರುವುದು ಆರನೆಯ ಅಥವಾ ಏಳನೆಯ ಪೀಳಿಗೆಯ ಪ್ರೊಸೆಸರ್. ವಿಂಡೋಸ್ 11ಕ್ಕೆ ಅದು ಅಧಿಕೃತವಾಗಿ ಸಲ್ಲುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಾವಿರ-ಎರಡು ಸಾವಿರ ಉಳಿಸಲು ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ದುಡ್ಡು ಎಣಿಸುವ ಮೊದಲು ಬಯೋಸ್ ತೆರೆಸಿ ನೋಡಬೇಕು. ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಆ ಪೀಸು ಬೇಡ. ಬ್ಯಾಟರಿ ರಿಪೋರ್ಟ್ ತೆಗೆಸಿದರೆ ಮೂಲ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಕಾಣುತ್ತವೆ. ಟಿ480ರಲ್ಲಿ ಇನ್ನೊಂದು ಕೆಲಸವಿದೆ: ಫರ್ಮ್‌ವೇರ್ ದೋಷದಿಂದ ಥಂಡರ್‌ಬೋಲ್ಟ್ ಪೋರ್ಟ್ ಕೈಕೊಡುತ್ತಿತ್ತು, ಲೆನೊವೊ ಅದಕ್ಕೆ ಅಪ್‌ಡೇಟ್ ಕೊಟ್ಟಿದೆ. ಎರಡೂ ಸಿ ಪೋರ್ಟಿಗೆ ಚಾರ್ಜರ್ ಚುಚ್ಚಿ ನೋಡಿ, ಬಿಲ್ಲಿನಲ್ಲಿ ಸೀರಿಯಲ್ ನಂಬರನ್ನೂ ವಾರಂಟಿಯ ಅವಧಿಯನ್ನೂ ಬರೆಸಿಕೊಳ್ಳಬೇಕು.